ಅಡಿವೆಪ್ಪನ ಕುಣಿಯಲ್ಲಿ ಸಿಕ್ಕ ಗಡಿಗೆ

ನಮ್ಮ ಊರಿನಲ್ಲಿ ಮನೆಯ ಪಾಯ ತೋಡುವವರು ಗುದ್ದಲಿಗೆ ಕುಂಕುಮ ಹಚ್ಚುವುದಕ್ಕೆ ಮುಂಚೆ ನನ್ನ ಹಿಟ್ಟಿನ ಗಿರಣಿಗೆ ಬಂದು, "ಇವತ್ತು ಎಲ್ಲಿಗೂ ಹೋಗೋದಿಲ್ಲಲ್ರೀ?" ಎಂದು ಕೇಳಿಕೊಂಡು ಹೋಗುತ್ತಾರೆ. ನೆಲದಲ್ಲಿ ಗಡಿಗೆ ಸಿಕ್ಕರೆ ನಾನು ಬೇಕು. ಮೂರು ಪಾಯ ತೋಡಿದರೆ ಒಂದರಲ್ಲಿ ಗಡಿಗೆ ಸಿಕ್ಕೇ ಸಿಗುತ್ತದೆ. ಒಳಗೆ ರೋಮ್ ದೇಶದ ಬೆಳ್ಳಿ ನಾಣ್ಯ, ಒಮ್ಮೊಮ್ಮೆ ಬಂಗಾರದ್ದು. ಒಂದು ಮಗ್ಗುಲಿಗೆ ಉದ್ದ ಮೂಗಿನ ದೊರೆಯ ತಲೆ. ಎಷ್ಟೋ ನಾಣ್ಯಗಳಲ್ಲಿ ಆ ದೊರೆಯ ಕೆನ್ನೆಯ ಮೇಲೆ ಯಾರೋ ಉಳಿಯಿಂದ ಹೊಡೆದ ಗೀರು. ಎರಡು ಸಾವಿರ ವರ್ಷದ ಹಿಂದೆ ಮೆಣಸಿಗೋ ಬಟ್ಟೆಗೋ ಬದಲಾಗಿ ಬಂದದ್ದಂತೆ. ಬಂದದ್ದು ಹೇಗೆ ಎಂಬುದರಲ್ಲಿ ನಮ್ಮೂರಿನವರಿಗೆ ಆಸಕ್ತಿ ಇಲ್ಲ. ಹೂತದ್ದು ಯಾಕೆ ಎಂಬುದೊಂದೇ ನಮ್ಮ ತಲೆನೋವು.

ಯಾಕೆಂದರೆ ನಮ್ಮ ನೆಲದಲ್ಲಿ ಹೂತಿಟ್ಟದ್ದು, ಹೂತ ಕಾರಣವನ್ನು ಬಾಯಿಬಿಟ್ಟು ಹೇಳುವ ತನಕ ಮೇಲೇಳುವುದಿಲ್ಲ. ಹಳೆಯ ಗಡಿಗೆ ಅಂತಲ್ಲ, ನಿನ್ನೆ ಹೂತದ್ದಕ್ಕೂ ಇದೇ ಮಾತು. ಹಾರೆ ಹಾಕಿ ಮೀಟಿದರೆ ಹಾರೆ ಬಾಗುತ್ತದೆ, ಸುತ್ತಿಗೆಯಿಂದ ಹೊಡೆದರೆ ಸುತ್ತಿಗೆಯ ಕಾವು ಮುರಿಯುತ್ತದೆ. ಒಮ್ಮೆ ಜೆಸಿಬಿ ತರಿಸಿದ್ದರು. ಅದರ ಹಲ್ಲು ಎರಡು ಮುರಿದವು, ಡ್ರೈವರ್ ಊರಿಗೆ ಊರನ್ನೇ ಬೈದು ಹೋದ. ಹೀಗಾಗಿ ಜನ ಹೊಂದಿಕೊಂಡಿದ್ದಾರೆ. ಕನ್ನಡ ಶಾಲೆಯ ಐದನೇ ಇಯತ್ತೆಯಲ್ಲಿ ಕರಿಹಲಗೆಯ ಮುಂದೆಯೇ ಒಂದು ಗಡಿಗೆ ಕುತ್ತಿಗೆಯ ತನಕ ಮೇಲೆದ್ದು ನಿಂತಿದೆ, ಮಾಸ್ತರರು ಅದರ ಮೇಲೆ ಹಾಜರಿ ಪುಸ್ತಕ ಇಡುತ್ತಾರೆ. ಅಂಚೆ ಕಚೇರಿಯ ಬಾಗಿಲಲ್ಲಿ ಒಂದಿದೆ. ಹೊಸಬರು ಎಡವುತ್ತಾರೆ, ನಮ್ಮವರು ನಿದ್ದೆಗಣ್ಣಿನಲ್ಲೂ ಅಲ್ಲಿ ಕಾಲು ಎತ್ತಿಡುತ್ತಾರೆ. ಮ್ಯೂಸಿಯಮ್ಮಿನವರು ಎರಡು ಸಲ ಬಂದು, ಎಲ್ಲದಕ್ಕೂ ಬಿಳಿ ಬಣ್ಣದಲ್ಲಿ ನಂಬರು ಬರೆದು, ಊಟ ಮಾಡಿಕೊಂಡು ಹೋದರು.

ಕಾರಣ ಹೇಳಿ ಎತ್ತಿಬಿಡಬಹುದಲ್ಲ ಎಂದು ಹೊರಗಿನವರು ಕೇಳುತ್ತಾರೆ. ತೊಡಕು ಇರುವುದೇ ಅಲ್ಲಿ. ಯಾರ ಬಾಯಿಂದ ಕಾರಣ ಬಂತೋ ಗಡಿಗೆ ಅವರದು. ಗಡಿಗೆಯ ಜೊತೆಗೆ ಕಾರಣವೂ ಅವರದು. ಸಂಕವ್ವನ ಮುತ್ತಜ್ಜಿ ಎತ್ತಿದ್ದು ಹರಕೆಯ ಗಡಿಗೆ. ಅದರ ನಾಣ್ಯವೆಲ್ಲ ಆಕೆಯ ಮೊಮ್ಮಗನ ಕಾಲಕ್ಕೇ ಮುಗಿದು ಹೋಯಿತು. ಆದರೆ ಸಂಕವ್ವ ಇವತ್ತಿಗೂ ಹುಣ್ಣಿಮೆಗೊಮ್ಮೆ ಗುಡ್ಡ ಹತ್ತಿ, ಗುಡಿಯಿಲ್ಲದ ಜಾಗದಲ್ಲಿ, ಹೆಸರು ಗೊತ್ತಿಲ್ಲದ ಒಂದು ಬೋಳು ಕಲ್ಲಿಗೆ ಎಣ್ಣೆ ಎರೆದು ಬರುತ್ತಾಳೆ. ಕಮ್ಮಾರ ಮೌನೇಶನ ಮನೆಯಲ್ಲಿ ಸಿಕ್ಕದ್ದು ತೆಂಕಣ ದಿಕ್ಕಿನಿಂದ ಬರುವ ದಂಡಿಗೆ ಅಂಜಿ ಹೂತದ್ದು. ಅವರ ಮನೆಗೆ ಆ ದಿಕ್ಕಿನಲ್ಲಿ ಒಂದು ಕಿಟಕಿಯೂ ಇಲ್ಲ. ಬೇಸಿಗೆಯಲ್ಲಿ ಬೆಂದು ಹೋಗುತ್ತಾರೆ, ಆ ಕಡೆಯಿಂದ ಗ್ಯಾಸ್ ಸಿಲಿಂಡರಿನವನು ಬಂದರೂ ಎದ್ದು ನಿಲ್ಲುತ್ತಾರೆ. ತಪ್ಪಿಸಿಕೊಳ್ಳಲು ಹೋದರೆ ಜ್ವರ ಬರುವುದು, ಹಾವು ಕಾಣುವುದು ಅಂಥದ್ದೇನೂ ಇಲ್ಲ. ಕಾಲು ಏಳುವುದಿಲ್ಲ, ಅಷ್ಟೆ.

ಅದಕ್ಕೇ ಗಡಿಗೆ ಕಂಡ ಕೂಡಲೇ ಎಲ್ಲರೂ ಮೊದಲು ಹೇಳುವ ಮಾತು, "ಮರೆತು ಬಿಟ್ಟಿದ್ದು." ಮರೆವಿನ ಗಡಿಗೆಗೆ ಯಾವ ಋಣವೂ ಇಲ್ಲ, ಎತ್ತಿಕೊಂಡು ಉಂಡು ಬಿಡಬಹುದು. ನನ್ನ ಜನ್ಮದಲ್ಲಿ ಆ ಮಾತಿಗೆ ಒಂದು ಗಡಿಗೆಯೂ ಎದ್ದಿಲ್ಲ. ಮರೆಯುವುದು ಆಮೇಲೆ, ಹೂಳುವಾಗ ಯಾರೂ ಮರೆತಿರುವುದಿಲ್ಲ. ಆದರೂ ಆಸೆ ಕೆಟ್ಟದ್ದು, ಹೇಳಿ ನೋಡುತ್ತಾರೆ.

ಕಾರಣ ಗುರುತಿಸುವ ಕೆಲಸ ನಮ್ಮ ಮನೆತನದ್ದು. ನಮ್ಮಪ್ಪ ಫಕೀರಪ್ಪ ಗಡಿಗೆಯ ಪಕ್ಕದಲ್ಲಿ ಬೋರಲಾಗಿ ಮಲಗಿ ಅದರ ಬಾಯಿ ನೋಡುತ್ತಿದ್ದ. ಮುಚ್ಚಳದ ಮಣ್ಣಿನಲ್ಲಿ ಬೆರಳಿನ ಗುರುತು ಅಡ್ಡಾದಿಡ್ಡಿ ಇದ್ದರೆ ಅವಸರ, ಅಂದರೆ ಅಂಜಿಕೆ. ಬಾಯಿ ಮೂಡಣಕ್ಕೆ ತಿರುಗಿದ್ದು ಸುತ್ತ ಬೂದಿ ಇದ್ದರೆ ಹರಕೆ. ಮೇಲಿನ ಮಣ್ಣು ಪದರ ಪದರವಾಗಿ ಬೇರೆ ಬೇರೆ ಬಣ್ಣದ್ದಿದ್ದರೆ, ಮತ್ತೆ ಮತ್ತೆ ತೆಗೆದು ಹಾಕಿದ್ದು, ಕೂಡಿಡುವವರ ಕೈ. ಒಮ್ಮೆ ಕಾಲೇಜಿನ ಇತಿಹಾಸದ ಮೇಷ್ಟ್ರು ಬಂದು ಅಪ್ಪನಿಗೆ ಪಾಠ ಹೇಳಿದರು. ಯಾವುದೋ ದೊರೆ ಬೆಳ್ಳಿಗೆ ತಾಮ್ರ ಬೆರೆಸಿದನಂತೆ, ಜನ ಹಳೆಯ ಒಳ್ಳೆಯ ನಾಣ್ಯ ಮುಚ್ಚಿಟ್ಟರಂತೆ, ಯುದ್ಧವಂತೆ, ಪಿಡುಗಂತೆ. ಅಪ್ಪ ಎಲ್ಲ ಕೇಳಿ, "ಅದು ದೇಶದ ಕಾರಣ ಆತ್ರೀ ಸರ. ಗಡಿಗಿ ಹೂಳಾವ ಒಬ್ಬಾವ ಇರ್ತಾನ," ಎಂದ. ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತಿದ್ದ ಸಂಗತಿಗಳು ಸಾಕಷ್ಟಿವೆ. ಆದರೆ ಈ ಒಂದು ಮಾತಿಗೆ ನಾನು ಅವನ ಮಗನೆಂದು ಎದೆ ಉಬ್ಬಿಸುತ್ತೇನೆ.

ನಮ್ಮ ಕೆಲಸಕ್ಕೆ ಒಂದು ಕಟ್ಟಳೆ ಇದೆ. ಗೊತ್ತಾದ ಕಾರಣವನ್ನು ನಾವು ಜೋರಾಗಿ ಹೇಳುವಂತಿಲ್ಲ, ಹೇಳಿದರೆ ಗಡಿಗೆ ನಮ್ಮ ತಲೆಗೇ ಬೀಳುತ್ತದೆ. ಜಾಗದ ಒಡೆಯರ ಕಿವಿಯಲ್ಲಿ ಪಿಸುಗುಟ್ಟಬೇಕು. ಆಮೇಲೆ ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಅರ್ಧಕ್ಕರ್ಧ ಜನ ಕೇಳಿಸಿಕೊಂಡು, ತಲೆ ಕೊಡವಿ, ಗಡಿಗೆಯನ್ನು ಅಲ್ಲೇ ಬಿಟ್ಟು ಗೋಡೆಯನ್ನು ಸೊಟ್ಟ ಕಟ್ಟಿಕೊಳ್ಳುತ್ತಾರೆ. ನಮ್ಮೂರಿನ ಸೊಟ್ಟ ಗೋಡೆಗಳನ್ನು ನೋಡಿ ಯಾರೂ ಗೌಂಡಿಯನ್ನು ಬೈಯುವುದಿಲ್ಲ.

ಇನ್ನು ಅಡಿವೆಪ್ಪನ ವಿಷಯ. ಬಸ್ ನಿಲ್ದಾಣದ ಪಕ್ಕದಲ್ಲಿ ಅವನದೊಂದು ತಗಡಿನ ಅಂಗಡಿ. ಮಾರಲಿಕ್ಕೆ ಅಲ್ಲಿ ಏನೂ ಇರಲಿಲ್ಲ. ಸುತ್ತಲ ಹಳ್ಳಿಯವರು ಸಂತೆಗೋ ಕೋರ್ಟಿಗೋ ಬಂದಾಗ, "ಇದನ್ನಷ್ಟು ಇಟ್ಟುಕೊಂಡಿರಪಾ, ಬರ್ತೀನಿ," ಎಂದು ಚೀಲ, ಚೊಂಬು ಬಿಟ್ಟು ಹೋಗುತ್ತಿದ್ದರು. ಅಡಿವೆಪ್ಪ ಒಂದು ಹಂಚಿನ ಚೂರನ್ನು ಎರಡಾಗಿ ಮುರಿದು, ಅರ್ಧ ಸಾಮಾನಿಗೆ ಕಟ್ಟಿ, ಅರ್ಧ ಅವರ ಕೈಗೆ ಕೊಡುತ್ತಿದ್ದ. ತಿರುಗಿ ಬಂದಾಗ ಎರಡೂ ಅಂಚು ಕೂಡಬೇಕು. ಹಂಚು ಮುರಿದ ಹಾಗೆ ಇನ್ನೊಂದು ಹಂಚು ಮುರಿಯುವುದಿಲ್ಲ ಎಂದು ಅವನ ನಂಬಿಕೆ. ಬಹಳ ಜನ ಸಂಜೆಗೆ ಬಂದು ಒಯ್ಯುತ್ತಿದ್ದರು. ಕೆಲವರು ಬರಲೇ ಇಲ್ಲ. ಹೀಗೆ ಉಳಿದದ್ದರಲ್ಲಿ ಒಂದು ಹಾರ್ಮೋನಿಯಂ, ಒಂದು ಹೊಲಿಗೆ ಯಂತ್ರ, ನುಸಿ ಹಿಡಿದು ಹೊಟ್ಟಾದ ಬೀಜದ ಜೋಳ, ಒಂದು ಕಟ್ಟಿಸಿದ ಹಲ್ಲಿನ ಸೆಟ್ಟು, ಮತ್ತೆ ಹನ್ನೆರಡು ವರ್ಷದ ಹಿಂದಿನ ಒಂದು ಮದುವೆಯ ಇನ್ನೂರು ಕರೆಯೋಲೆ. ಆ ಮದುವೆ ಕರೆಯೋಲೆ ಇಲ್ಲದೆ ಹೇಗೆ ನಡೆಯಿತೋ, ಅಥವಾ ನಡೆಯಲೇ ಇಲ್ಲವೋ, ದೇವರಿಗೇ ಗೊತ್ತು. ಯಾರಾದರೂ "ಒಗೀಯೋ ಮಾರಾಯಾ," ಅಂದರೆ ಅಡಿವೆಪ್ಪ, "ಬರ್ತಾರ ಬಿಡು," ಅನ್ನುತ್ತಿದ್ದ.

ಅವನಿಗೆ ಒಬ್ಬಳೇ ಮಗಳು, ದಾಕ್ಷಾಯಣಿ. ತಾಯಿ ಸತ್ತಾಗ ಹದಿನಾರು ವರ್ಷ, ಅಪ್ಪ ಸತ್ತಾಗ ನಲವತ್ತೊಂದು. ಅಪ್ಪ ಊಟಕ್ಕೆ ಹೋದಾಗ, ಸ್ನಾನಕ್ಕೆ ಹೋದಾಗ, ಕೊನೆಗೆ ಹಾಸಿಗೆ ಹಿಡಿದಾಗ ಪೂರ್ತಿಯಾಗಿ, ಆ ತಗಡಿನ ಅಂಗಡಿಯಲ್ಲಿ ಕುಳಿತವಳು ಅವಳು. ಎರಡು ಕಡೆ ಮದುವೆ ಮಾತು ಬಂದಿತ್ತು. ಒಂದು ಸಲ ಗಂಡಿನವರು ಬಂದ ದಿನವೇ ಯಾರೋ ಚೀಲ ಕೇಳಿಕೊಂಡು ಬರುತ್ತೇನೆಂದು ಹೇಳಿ ಕಳಿಸಿದ್ದರು, ಅಡಿವೆಪ್ಪ ಅಂಗಡಿ ಬಿಟ್ಟು ಕದಲಲಿಲ್ಲ, ಗಂಡಿನವರು ಮುನಿಸಿಕೊಂಡು ಹೋದರು. ಚೀಲದವನೂ ಬರಲಿಲ್ಲ. ಅವಳು ನನ್ನ ಗಿರಣಿಗೆ ಜೋಳ ತಂದಾಗ ಇದನ್ನು ನಗುತ್ತಲೇ ಹೇಳಿದ್ದಳು. ಅಡಿವೆಪ್ಪ ಸಾಯುವ ಹಿಂದಿನ ತಿಂಗಳು ಬಂದಾಗ ಮಾತ್ರ ನಗದೆ ಬೇರೆ ಸುದ್ದಿ ಹೇಳಿದಳು. ದೂರದ ಊರಿನ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆಯವಳ ಕೆಲಸಕ್ಕೆ ಅರ್ಜಿ ಹಾಕಿದ್ದಳು, ಕಾಗದ ಬಂದಿತ್ತು, ಸೇರಿಕೊಳ್ಳಲು ಎರಡು ತಿಂಗಳ ಗಡುವು.

"ಅಪ್ಪ ಇರೋ ತನಕ ಹೋಗಂಗಿಲ್ಲ ಕಾಕಾ," ಎಂದಳು. "ಆದ್ರ ಅಪ್ಪ ಹ್ವಾದ ಮ್ಯಾಲೆ ಒಂದು ದಿನಾನೂ ಇಲ್ಲಿ ಇರಾಂಗಿಲ್ಲ. ಮಂದಿ ಸಾಮಾನು ಕಾಯೋದ್ರಾಗ ನನ್ನ ವಯಸ್ಸು ಹೋತು."

"ಹೋಗವಾ. ನೀ ಹೋಗಬೇಕು," ಎಂದು ನಾನೇ ಹೇಳಿದ್ದೆ. ಬಾಯಿಂದ ಹೇಳುವುದಕ್ಕೆ ಏನು ಖರ್ಚು.

ಗಡುವಿಗೆ ಆರು ದಿನ ಉಳಿದಿದ್ದಾಗ, ಒಂದು ಮಂಗಳವಾರ ಬೆಳಿಗ್ಗೆ, ಅಡಿವೆಪ್ಪ ತೀರಿಕೊಂಡ. ಮಗಳ ಹತ್ತಿರ ಅವನು ಬಹಳ ಹಿಂದೆಯೇ ಒಂದು ಭಾಷೆ ತೆಗೆದುಕೊಂಡಿದ್ದ, ತನ್ನನ್ನು ಹೆಂಡತಿಯ ಮಗ್ಗುಲಿಗೆ ಮಣ್ಣು ಮಾಡಬೇಕು ಎಂದು. ಅವರ ಹೊಲದ ಮೂಲೆಯಲ್ಲಿ ಆಕೆಯ ಸಮಾಧಿ. ಅದರ ಎಡಕ್ಕೆ ಹಾಸುಬಂಡೆ, ಬಲಕ್ಕೆ ಪಕ್ಕದ ಹೊಲದ ಗಡಿಕಲ್ಲಿನ ತನಕ ಒಂದೇ ಒಂದು ಕುಣಿಗೆ ಆಗುವಷ್ಟು ಜಾಗ. ಹೆಂಡತಿಗಿಂತ ಜಾಗವನ್ನೇ ಹೆಚ್ಚು ಕಾದಿದ್ದ ಎಂದು ಊರಲ್ಲಿ ಚೇಷ್ಟೆ ಮಾಡುತ್ತಿದ್ದರು. ಆದರೆ ಇಪ್ಪತ್ತೈದು ವರ್ಷ ಪ್ರತಿ ಸೋಮವಾರ ಅಲ್ಲಿಗೆ ಹೋಗಿ ಹೂವಿಟ್ಟು ಬಂದವನು ಅವನು. ಅದನ್ನೂ ಊರು ನೋಡಿತ್ತು.

ಹನ್ನೊಂದು ಗಂಟೆಗೆ ಕುಣಿ ತೆಗೆಯುವ ದುರ್ಗಪ್ಪ ಗಿರಣಿಯ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಕಾವು ಮುರಿದ ಗುದ್ದಲಿ ಇತ್ತು. ಅದನ್ನು ನೋಡಿದವನೇ ನಾನು ಗಿರಣಿ ನಿಲ್ಲಿಸಿ, ಮೈಮೇಲಿನ ಹಿಟ್ಟು ಝಾಡಿಸಿ ಹೊರಟೆ.

ಕುಣಿ ಎದೆಯುದ್ದ ಆಗಿತ್ತು. ತಳದಲ್ಲಿ, ಸರಿಯಾಗಿ ನಡುವೆ, ಗಡಿಗೆಯ ಬಾಯಿ ಕಾಣುತ್ತಿತ್ತು. ಹೆಣವನ್ನು ಕೂಡಿಸಿ ಇಡಬೇಕಾದ ಜಾಗವೇ ಅದು. ಅಡಿವೆಪ್ಪನ ತಮ್ಮ ಪರಪ್ಪ ದಂಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಆಗಲೇ ಮೂರು ಸಲ, "ಮರೆತು ಬಿಟ್ಟಿದ್ದು, ಮರೆತು ಬಿಟ್ಟಿದ್ದು," ಅಂದಿದ್ದನಂತೆ. ದಾಕ್ಷಾಯಣಿ ತಾಯಿಯ ಸಮಾಧಿಯ ಕಟ್ಟೆಗೆ ಒರಗಿ ನಿಂತಿದ್ದಳು. ಅತ್ತು ಮುಗಿದ ಮುಖ. ಮನೆಯಲ್ಲಿ ಹೆಣ ಶೃಂಗಾರವಾಗಿ ಕುಳಿತಿತ್ತು, ಅಯ್ಯನವರು ಬಂದಿದ್ದರು, ಹೊತ್ತು ಮುಳುಗುವುದರೊಳಗೆ ಮುಗಿಯಬೇಕಿತ್ತು.

"ಬ್ಯಾರೆ ಕಡೆ ತಗೀರಿ ಅಂದ್ರ ಈಕಿ ಕೇಳವಲ್ಲಳು," ಎಂದ ಪರಪ್ಪ. "ಊರ ಹೊರಗ ರುದ್ರಭೂಮಿ ಐತಿ. ಸತ್ತಾವಗ ಯಾವ ಮಗ್ಗಲಾದ್ರ ಏನು?"

"ಭಾಷೆ ಕೊಟ್ಟೀನಿ ಸಣ್ಣಪ್ಪ," ಎಂದಳು ಅವಳು, ಅವನ ಕಡೆ ನೋಡದೆ. "ಕಾಕಾ, ನೀವು ಇಳೀರಿ. ಏನಂತ ನೋಡ್ರಿ. ಹರಕಿ ಇದ್ರ ಹರಕಿ. ಗುಡ್ಡ ಹತ್ತು ಅಂದ್ರ ವರ್ಷಕ್ಕೊಮ್ಮೆ ಬಂದು ಹತ್ತತೀನಿ. ಅಂಜಿಕಿ ಇದ್ರ ಅಂಜಿಗೋತ ಅಲ್ಲೇ ಅಡಿಗಿ ಮಾಡ್ತೀನಿ. ಅಪ್ಪನ್ನ ಇಲ್ಲೇ ಇಡಬೇಕು, ಐತವಾರ ನಾ ಹೋಗಬೇಕು. ಇಷ್ಟಾ."

ನಾನು ಇಳಿದು ಗಡಿಗೆಯ ಪಕ್ಕದಲ್ಲಿ ಮಲಗಿದೆ. ಮುಚ್ಚಳಕ್ಕೆ ಅರಗು ಹಾಕಿ ಮೆತ್ತಿದ್ದರು, ನಿಧಾನವಾಗಿ, ಅಂಚು ಸವರಿ. ಅವಸರ ಇರಲಿಲ್ಲ. ಬೂದಿ ಇರಲಿಲ್ಲ. ಮಣ್ಣು ಒಂದೇ ಬಣ್ಣದ್ದು, ಒಮ್ಮೆ ಮುಚ್ಚಿದ ಮೇಲೆ ಯಾರೂ ತೆಗೆದಿರಲಿಲ್ಲ. ಅಂಜಿದವರು ಹೀಗೆ ಮುಚ್ಚುವುದಿಲ್ಲ, ತಮ್ಮದಾಗಿದ್ದರೆ ಒಮ್ಮೆಯಾದರೂ ತೆಗೆದು ನೋಡುತ್ತಿದ್ದರು. ನಾನು ಬೆರಳಿನಿಂದ ಅರಗನ್ನು ಸವರುತ್ತ ಹೋದೆ. ಮುಚ್ಚಳದ ಮಧ್ಯದಲ್ಲಿ ಏನೋ ಚುಚ್ಚಿತು. ಊದಿ ಮಣ್ಣು ಹಾರಿಸಿದೆ. ಅರಗಿನಲ್ಲಿ ಒಂದು ಮಡಕೆಯ ಚೂರು ಕೂತಿತ್ತು, ಅಂಗೈಯಗಲದ ದುಂಡು ಬಿಲ್ಲೆ, ನಡುವೆ ಮುರಿದದ್ದು. ಅರ್ಧ ಮಾತ್ರ.

ಎರಡು ಸಾವಿರ ವರ್ಷದ ಹಿಂದೆ ಯಾರೋ ಒಬ್ಬ ಪರದೇಶಿ ವ್ಯಾಪಾರಿ ಈ ಹೊಲದ ಒಡೆಯನಿಗೆ, "ಇದನ್ನಷ್ಟು ಇಟ್ಟುಕೊಂಡಿರು, ಬರ್ತೀನಿ," ಎಂದು ತನ್ನ ಭಾಷೆಯಲ್ಲಿ ಹೇಳಿ, ಬಿಲ್ಲೆಯ ಇನ್ನರ್ಧ ಹಿಡಿದುಕೊಂಡು ಹೋಗಿದ್ದ. ಬರಲಿಲ್ಲ. ಇಟ್ಟುಕೊಂಡವನು ಮುಟ್ಟಲಿಲ್ಲ. ಅವನು ಬಂದರೆ ಕೊಡಬೇಕಲ್ಲ ಎಂದು ಹೂತಿಟ್ಟ. ಅಷ್ಟೇ ಕಾರಣ. ಹುಟ್ಟಿದಾಗಿನಿಂದ ಈ ಕೆಲಸ ಮಾಡುತ್ತಿದ್ದೇನೆ, ಇಷ್ಟು ಸ್ಪಷ್ಟವಾಗಿ ಯಾವ ಗಡಿಗೆಯೂ ನನ್ನ ಜೊತೆ ಮಾತಾಡಿರಲಿಲ್ಲ.

ಇದನ್ನು ದಾಕ್ಷಾಯಣಿಯ ಕಿವಿಯಲ್ಲಿ ಹೇಳಿದರೆ ಅವಳು ಹೇಳಿಬಿಡುತ್ತಾಳೆ, ಅಪ್ಪ ಅಮ್ಮನ ಮಗ್ಗುಲಿಗೆ ಬರುತ್ತಾನೆ. ಆಮೇಲೆ ಅವಳು ಆ ಗಡಿಗೆ ಕಾಯುತ್ತ ಸಾಯುವ ತನಕ ಇಲ್ಲೇ ಇರಬೇಕು, ಕೊಟ್ಟವನು ಕೇಳಿಕೊಂಡು ಬರುವುದು ಈ ಊರಿಗೇ. ಐತವಾರದ ಬಸ್ಸಿಗೆ ಅವಳ ಕಾಲು ಏಳುವುದಿಲ್ಲ. ಹೇಳದಿದ್ದರೆ ಅಡಿವೆಪ್ಪ ರುದ್ರಭೂಮಿಗೆ ಹೋಗುತ್ತಾನೆ. ಮೂರನೆಯ ದಾರಿ ಒಂದಿತ್ತು, ನಾನೇ ಜೋರಾಗಿ ಹೇಳುವುದು. ನನಗೆ ಆಗ ಐವತ್ತೆಂಟು. ಮಕ್ಕಳು ತಮ್ಮ ತಮ್ಮ ದಾರಿ ಹಿಡಿದಿದ್ದಾರೆ, ಗಿರಣಿ ಬಿಟ್ಟು ನಾನು ಹೋಗಬೇಕಾದ ಊರು ಯಾವುದೂ ಇಲ್ಲ. ಕಾಯುತ್ತ ಕೂರಲು ನನಗಿಂತ ಲಾಯಕ್ಕಾದವನು ಈ ಊರಲ್ಲಿ ಸಿಗುತ್ತಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು ಎದ್ದು ಮಂಡಿಯ ಮಣ್ಣು ಒರೆಸಿಕೊಂಡು, ಬಾಯಿ ಬಿಗಿಹಿಡಿದು ನಿಂತೆ.

"ಏನಂತ್ರೀ?" ಎಂದ ಪರಪ್ಪ.

"ತಿಳಿವಲ್ದು," ಎಂದೆ.

ದುರ್ಗಪ್ಪ ನನ್ನನ್ನೇ ನೋಡಿದ. ನಲವತ್ತು ಗಡಿಗೆಗಳ ಕಾಲದಿಂದ ಅವನು ನನ್ನನ್ನು ನೋಡಿದ್ದಾನೆ, ಈ ಮಾತು ನನ್ನ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನನಗೆ ಒಂದು ನೆಪ ಇತ್ತು, ಪಾಪದ ಹುಡುಗಿಯನ್ನು ಕಟ್ಟಿ ಹಾಕಬಾರದು ಎಂದು. ನೆಪ ಒಳ್ಳೆಯದೇ. ಆದರೆ ಅದನ್ನು ಹಿಡಿದು ನಾನು ನನ್ನ ತಲೆ ಉಳಿಸಿಕೊಳ್ಳುತ್ತಿದ್ದೆ ಎಂಬುದು ಕುಣಿಯಿಂದ ಮೇಲೆ ಹತ್ತುವಾಗಲೇ ನನಗೆ ಗೊತ್ತಿತ್ತು.

ದಾಕ್ಷಾಯಣಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ಕುಣಿಗೆ ಇಳಿದಳು. "ಹೆಂಗಸರು ಇಳೀಬಾರದವಾ," ಎಂದು ಪರಪ್ಪ ಕೂಗಿದ. ಅವಳು ಗಡಿಗೆಯ ಮುಂದೆ ಕುಳಿತು ನಾನು ಊದಿದ ಜಾಗವನ್ನು ನೋಡಿದಳು. ಅರ್ಧ ಬಿಲ್ಲೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು, ಇಪ್ಪತ್ತೈದು ವರ್ಷ ಹಂಚಿನ ಚೂರುಗಳ ಅಂಚು ಕೂಡಿಸಿ ನೋಡಿದ ಬೆರಳು ಅದು. ಪರಪ್ಪ ಬೀಡಿ ಹಚ್ಚಿದ. ಮನೆಯ ಕಡೆಯಿಂದ ಭಜನೆಯವರ ತಾಳ ಕೇಳುತ್ತಿತ್ತು. ನಾನು ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುತ್ತ ನಿಂತಿದ್ದೆ. ಅವಳು ತಾಯಿಯ ಸಮಾಧಿಯ ಕಡೆ ಒಮ್ಮೆ ತಲೆ ಎತ್ತಿ ನೋಡಿದಳು, ಮತ್ತೆ ತಗ್ಗಿಸಿದಳು.

"ಮಂದೀದು ಇದು," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಇಟ್ಟುಕೊಂಡಿರು ಅಂತ ಕೊಟ್ಟು ಹೋಗಿದ್ರು. ಬಂದ್ರ ಕೊಡಬೇಕಂತ ಹೂತಿದ್ದು."

ಗಡಿಗೆ ಎದ್ದಿತು. ಏಳುವುದೆಂದರೆ ಏನೂ ಇಲ್ಲ, ಹಣ್ಣಾದ ಹಲ್ಲು ಸಡಿಲಾದಂತೆ ಒಂದು ಸಣ್ಣ ಅಲುಗಾಟ. ಅವಳು ಅದನ್ನು ಎರಡೂ ಕೈಯಿಂದ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ನಾನು ಕೈ ಕೊಡಲು ಹೋದೆ, ಅವಳು ದುರ್ಗಪ್ಪನ ಕೈ ಹಿಡಿದು ಹತ್ತಿ ನನ್ನ ಪಕ್ಕದಲ್ಲೇ ಹಾದು ಹೋದಳು. ನಾಲ್ಕು ಗಂಟೆಗೆ ಅಡಿವೆಪ್ಪನನ್ನು ಹೆಂಡತಿಯ ಮಗ್ಗುಲಿಗೆ ಇಟ್ಟು ಮಣ್ಣು ಹಾಕಿದೆವು. ಹೊತ್ತು ಇನ್ನೂ ಎರಡು ಮಾರು ಮೇಲಿತ್ತು.

ಮನೆಗೆ ಬಂದು ಸ್ನಾನ ಮಾಡಿದರೂ ನನಗೆ ಊಟ ಸೇರಲಿಲ್ಲ. "ಸತ್ತಾವ ಎಂಬತ್ತು ದಾಟಿದ್ದ, ನೀವ್ಯಾಕ ಇಷ್ಟು ಮಾರಿ ಸಣ್ಣದು ಮಾಡ್ಕೊಂಡೀರಿ?" ಎಂದಳು ನನ್ನ ಹೆಂಡತಿ ಕಾಶವ್ವ. ಮುಂದಿನ ಮೂರು ದಿನ ಬಸ್ ನಿಲ್ದಾಣದ ಕಡೆ ಹೋಗಲೇ ಇಲ್ಲ. ದಾಕ್ಷಾಯಣಿ ಅಂಗಡಿಯ ಸಾಮಾನು ಹಂಚುತ್ತಿದ್ದಾಳೆ ಎಂದು ಗಿರಣಿಗೆ ಬಂದವರು ಹೇಳಿದರು. ಹಾರ್ಮೋನಿಯಂ ಭಜನೆಯವರಿಗೆ, ಹೊಲಿಗೆ ಯಂತ್ರ ದುರ್ಗಪ್ಪನ ಸೊಸೆಗೆ. ಕರೆಯೋಲೆಗಳನ್ನು ನೀರು ಕಾಯಿಸುವ ಒಲೆಗೆ ಹಾಕಿದಳಂತೆ. ಅಪ್ಪ ಕಾಯ್ದ ಸಾಮಾನಿಗೆ ಅಪ್ಪನ ಮಾತಷ್ಟೇ ಕಟ್ಟು, ನೆಲದ ಕಟ್ಟು ಇರಲಿಲ್ಲ. ಅವನ ಜೊತೆ ಅದು ಮುಗಿದಿತ್ತು. ಗಡಿಗೆಯದು ಹಾಗಲ್ಲ. ಜನ ಚ್ಚು ಚ್ಚು ಅಂದರು. ಪಾಪ, ಈಗ ಎಲ್ಲಿಗೆ ಹೋದಾಳು, ಅಪ್ಪನ ಬದಲು ರೋಮಿನವನನ್ನು ಕಾಯಬೇಕು ಎಂದರು. ನಾನು ಗಿರಣಿಯ ಸದ್ದು ಹೆಚ್ಚಾಗಲೆಂದು ಇನ್ನೊಂದು ಬುಟ್ಟಿ ಸುರಿದೆ.

ಐತವಾರ ಗಿರಣಿಯಲ್ಲಿ ನೂಕುನುಗ್ಗಲು. ನಾನು ನಿಚ್ಚಣಿಕೆಯ ಮೇಲೆ ನಿಂತು ಗಿರಣಿಯ ಬಾಯಿಗೆ ಜೋಳ ಸುರಿಯುತ್ತಿದ್ದೆ. ಕೆಳಗಿನಿಂದ ಯಾರೋ ಧೋತರ ಎಳೆದರು. ನೋಡಿದರೆ ದಾಕ್ಷಾಯಣಿ. ಹೊಸ ಸೀರೆ, ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕಂಕುಳಲ್ಲಿ ಗೋಣಿತಟ್ಟು ಸುತ್ತಿದ ಗಂಟು. ಏನೋ ಅಂದಳು, ಕೇಳಿಸಲಿಲ್ಲ. ಬಗ್ಗಿದೆ.

"ಕಾಕಾ, ಇದನ್ನಷ್ಟು ಇಟ್ಟುಕೊಂಡಿರ್ರಿ. ಬರ್ತೀನಿ," ಎಂದಳು.

"ಹೂಂ, ಅಲ್ಲಿಡವಾ," ಎಂದೆ.

ಇಟ್ಟಳು. ಹೋದಳು. ಜೋಳದ ಬುಟ್ಟಿ ಖಾಲಿಯಾಗುವ ತನಕ ನನಗೆ ಏನೂ ಹೊಳೆಯಲಿಲ್ಲ. ಕೆಳಗಿಳಿದು ಗೋಣಿತಟ್ಟು ಸರಿಸಿದೆ, ಅರ್ಧ ಬಿಲ್ಲೆ ಕಂಡಿತು.

ಹರಕೆಯನ್ನು ಇನ್ನೊಬ್ಬರಿಗೆ ದಾಟಿಸಲಾಗದು. ಅಂಜಿಕೆಯನ್ನು ದಾಟಿಸಲಾಗದು. ಆದರೆ ಇಟ್ಟುಕೊಂಡಿರು ಎಂಬುದು ಹುಟ್ಟಿದ್ದೇ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಲಿಕ್ಕೆ. ಅದಕ್ಕೆ ಬೇಕಾದದ್ದು ಒಂದು 'ಹೂಂ' ಅಷ್ಟೆ. ಇದು ನಮ್ಮಪ್ಪನಿಗೂ ಹೊಳೆದಿರಲಿಲ್ಲ. ಗಿರಣಿಯನ್ನು ತಿರುಗಲು ಬಿಟ್ಟು, ಹಿಟ್ಟಿನ ಮೈಯಲ್ಲೇ ಬಸ್ ನಿಲ್ದಾಣಕ್ಕೆ ಓಡಿದೆ. ಬಸ್ಸಿನ ಕಿಟಕಿಯಲ್ಲಿ ಕುಳಿತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ.

"ನಿಮಗ ಗೊತ್ತಿತ್ತಲ್ಲ ಕಾಕಾ, ಅವತ್ತು," ಎಂದಳು.

"ಗೊತ್ತಿತ್ತವಾ."

"ನಿಮ್ಮ ಮಾರಿ ನೋಡೇ ನಾ ಕುಣಿಗೆ ಇಳಿದೆ," ಎಂದಳು. ಕಂಡಕ್ಟರ್ ಸೀಟಿ ಹೊಡೆದ. "ಬರ್ತೀನ್ರೀ. ಆರಾಮ ಇರ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಬಸ್ಸು ತಿರುವಿನಲ್ಲಿ ಮರೆಯಾಗುವಾಗ ನನಗೆ ಆದದ್ದು ಸಂತೋಷ, ಸುಳ್ಳು ಹೇಳುವುದಿಲ್ಲ. ಅವಳ ಕಾಲು ಎದ್ದಿತಲ್ಲ ಎಂಬ ಸಂತೋಷ. ಆಮೇಲೆ ಗಿರಣಿಗೆ ತಿರುಗಿ ಬಂದು ಬೈಗುಳ ತಿಂದೆ, ಮೂರು ಜನರ ಹಿಟ್ಟು ಒಂದಕ್ಕೊಂದು ಕಲೆತು ಹೋಗಿತ್ತು.

ಈಗ ನಾಲ್ಕು ವರ್ಷ. ತಂಗಿಯ ಮಗಳ ಮದುವೆಗೆ ಹೊರಟರೆ ಹಳ್ಳದ ಸೇತುವೆಯ ಹತ್ತಿರ ಕಾಲು ನಿಂತು ಬಿಟ್ಟವು. ಅದೇನೂ ದೊಡ್ಡದಲ್ಲ, ಅಭ್ಯಾಸವಾಗುತ್ತದೆ. ಅಭ್ಯಾಸವಾಗದ್ದು ಗಡಿಗೆ. ಅಡುಗೆ ಮನೆಯ ಮೂಲೆಯಲ್ಲಿ ಇಟ್ಟೆ, ಊಟಕ್ಕೆ ಕೂತರೆ ಎದುರಿಗೆ. ಅಟ್ಟಕ್ಕೆ ಹಾಕಿದೆ, ಮಲಗಿದರೆ ನೆತ್ತಿಯ ಮೇಲೆ. ಹಿಟ್ಟಿನ ಚೀಲಗಳ ಹಿಂದೆ ಇಟ್ಟೆ, ಆಗಲೂ ಅದು ಎಲ್ಲಿದೆ ಎಂದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಮೊನ್ನೆ ಹಿತ್ತಲಲ್ಲಿ ನುಗ್ಗೆಯ ಗಿಡದ ಬುಡಕ್ಕೆ ಗುಂಡಿ ತೋಡತೊಡಗಿದೆ.

ಕಾಶವ್ವ ಬಟ್ಟೆ ಒಣಗಲು ಹಾಕುತ್ತಿದ್ದವಳು ಬಂದು ನಿಂತಳು. "ಎದಕ್ಕ ಹೂಳಾಕತ್ತೀರಿ? ಕಳ್ಳರ ಅಂಜಿಕಿ ಏನ್ರೀ?"

"ಹೂಂ," ಎಂದೆ.

"ಸುಳ್ಳ," ಎಂದಳು. ಮೂವತ್ತೈದು ವರ್ಷ ಕಾರಣ ಹೇಳುವವನ ಜೊತೆ ಬಾಳಿದವಳು.

ಅಂಜಿಕೆಯಲ್ಲ, ಹರಕೆಯಲ್ಲ, ಕೂಡಿಡಲಿಕ್ಕಲ್ಲ. ರೋಮಿನವನು ಬಂದರೆ ಕೊಡಬೇಕೆಂದೂ ಅಲ್ಲ, ಅದು ಅವನ ಕಾಲದವರ ಕಾರಣ. ಆ ಗಡಿಗೆ ಕಣ್ಣಿಗೆ ಬಿದ್ದಾಗಲೆಲ್ಲ ಕುಣಿಯ ದಂಡೆಯ ಮೇಲೆ ಬಾಯಿ ಬಿಗಿಹಿಡಿದು ನಿಂತ ಒಬ್ಬ ಗಂಡಸು ಕಾಣುತ್ತಾನೆ, ಅವನನ್ನು ನೋಡಲಾರದೆ ಹೂಳುತ್ತಿದ್ದೇನೆ. ನಾಚಿಕೆ. ಇದು ಅಪ್ಪ ಹೇಳಿಕೊಟ್ಟ ಪಟ್ಟಿಯಲ್ಲಿ ಇರಲಿಲ್ಲ. ಅಥವಾ ಅಪ್ಪನಿಗೆ ಗೊತ್ತಿದ್ದು ಹೇಳಲಿಲ್ಲವೋ ಏನೋ.

ದಾಕ್ಷಾಯಣಿ ಬರುತ್ತೇನೆ ಅಂದಿದ್ದಾಳೆ. ಬಂದು ಕೇಳಿದರೆ ನಾನು ಗಡಿಗೆ ಕೊಡಲೇಬೇಕು. ಅದು ಏಳಬೇಕಾದರೆ ಅವಳ ಮುಂದೆಯೇ ನಾನು ಗುಂಡಿಗೆ ಇಳಿದು, ಅವತ್ತು ಯಾಕೆ ಸುಮ್ಮನಿದ್ದೆ ಎಂಬುದನ್ನು ಅವಳಿಗೆ ಕೇಳುವ ಹಾಗೆ ಬಾಯಿಬಿಟ್ಟು ಹೇಳಬೇಕು. ಗಡಿಗೆಯ ಮೇಲೆ ಮಣ್ಣು ಎಳೆಯುವಾಗ ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಎಳೆದೆ.